ಗುಡ್ಡವನ್ನು ಓದಿದ ಗೃಹಸ್ಥ



ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಗಳನ್ನು ದಾಟಿ, ಚೋರ್ಲಾ ಘಾಟವನ್ನಿಳಿದು ಗೋವೆಯನ್ನು ಪ್ರವೇಶಿಸುವ ಪ್ರಯಾಣಿಕನಿಗೆ ಮೊದಲು ಕಾಣುವುದು ಕಾಡಿನ ಹಸಿರು. ಆ ಹಸಿರಿನ ನಡುವೆ, ರಸ್ತೆಗಾಗಿ ಗುಡ್ಡವನ್ನು ಕಡಿದ ಕಡೆಗಳಲ್ಲಿ, ತೂತು ತೂತಾದ ಕೆಂಪು ಕಲ್ಲು ಕಾಣಿಸುತ್ತದೆ. ಪುಸ್ತಕಗಳಲ್ಲಿ ಜಂಬಿಟ್ಟಿಗೆ ಎಂದು ಓದುವ, ನಮ್ಮ ಕರಾವಳಿಯವರು ಮುರಕಲ್ಲು ಎನ್ನುವ, ಗೋವೆಯವರು ಚಿರೆ ಎಂದು ಕರೆಯುವ ಕಲ್ಲು ಅದು. ಸತ್ತರಿ ತಾಲೂಕಿನ ಮುಖ್ಯ ಪಟ್ಟಣವಾದ ವಾಳಪೈಯ ಮನೆಗಳ ಗೋಡೆಗಳು ಬಹುಮಟ್ಟಿಗೆ ಈ ಕಲ್ಲಿನವೇ. ಆ ಗೋಡೆಗಳನ್ನು ಎಬ್ಬಿಸಿದ ಕೈಗಳಲ್ಲಿ ಕನ್ನಡದ ಕೈಗಳು ಕಡಿಮೆಯಲ್ಲ. 1961ರ ಡಿಸೆಂಬರ 19ರಂದು ಗೋವೆ ಪೋರ್ತುಗೀಜರಿಂದ ಬಿಡುಗಡೆ ಹೊಂದಿದ ಮೇಲೆ ಅಲ್ಲಿ ರಸ್ತೆ, ಸೇತುವೆ, ಕಟ್ಟಡಗಳ ಕೆಲಸ ಬೆಳೆದಂತೆಲ್ಲ ವಿಜಾಪುರ, ಬಾಗಲಕೋಟೆ, ಗದಗ, ಧಾರವಾಡ ಸೀಮೆಗಳ ಒಕ್ಕಲು ಮಕ್ಕಳು ಘಾಟವನ್ನಿಳಿದು ಬಂದರು. 2011ರ ಜನಗಣತಿಯಲ್ಲಿ ಗೋವೆಯ ಜನಸಂಖ್ಯೆಯ ನೂರಕ್ಕೆ ನಾಲ್ಕೂವರೆಗಿಂತ ಹೆಚ್ಚು ಮಂದಿ ಕನ್ನಡವನ್ನು ತಮ್ಮ ತಾಯಿನುಡಿಯೆಂದು ಬರೆಸಿದ್ದಾರೆ.

ಕಳೆದ ಚಳಿಗಾಲದಲ್ಲಿ ನಾನು ವಾಳಪೈಯಲ್ಲಿ ಒಂದು ರಾತ್ರಿ ತಂಗಿದ್ದೆ. ಶಿಕ್ಷಕ ತರಬೇತಿಯನ್ನು ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಈಗ ಖಾನಾಪುರ ತಾಲೂಕಿನ ಗಡಿಯ ಊರೊಂದರಲ್ಲಿ ಮುಖ್ಯಾಧ್ಯಾಪಕನಾಗಿದ್ದೇನೆ. ಆ ಮೊದಲ ಶಾಲೆಯ ನನ್ನ ವಿದ್ಯಾರ್ಥಿಯೊಬ್ಬನು ವಾಳಪೈಯಲ್ಲಿ ಕಲ್ಲುಕೆಲಸ ಮಾಡಿಕೊಂಡು ಸಂಸಾರ ನಡೆಸುತ್ತಿದ್ದಾನೆ. 'ಒಂದ್ ಸಲ ಬಂದು ಹೋಗ್ರಿ ಗುರುಗಳ' ಎಂದು ಅವನು ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದನು. ನಮ್ಮ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಸತ್ತರಿಯನ್ನು ಹಾದು ಮುಂದೆ ಮಾಂಡವಿಯೆನಿಸಿ ಸಮುದ್ರವನ್ನು ಸೇರುತ್ತಾಳೆ. ನದಿ ಹೋದ ದಾರಿಯಲ್ಲಿ ಮಾಸ್ತರನೂ ಒಮ್ಮೆ ಹೋಗಿ ಬರಲೆಂದು ಹೊರಟೆ.

ಆ ಸಂಜೆ ಅವನ ಮನೆಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವೇ ಈ ಲೇಖನಕ್ಕೆ ಕಾರಣ.

ಅರ್ಜಿಯ ಖಾಲಿ ಜಾಗ

ಮಗಳು ಅಲ್ಲಿಯ ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಶಾಲೆಯಿಂದ ಬಂದ ಅರ್ಜಿಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಹೆಸರು, ಹುಟ್ಟಿದ ದಿನ, ಊರು, ಎಲ್ಲವನ್ನೂ ಮುದ್ದಾದ ಅಕ್ಷರಗಳಲ್ಲಿ ತುಂಬಿದ ಮಗು ಒಂದು ಸಾಲಿನ ಬಳಿ ನಿಂತಿತು.

'ಅಪ್ಪಾ, ತಂದೆಯ ಉದ್ಯೋಗ ಅಂತೈತಿ. ಏನ್ ಬರೀಲಿ?'

'ರೈತ ಅಂತ ಬರಿ' ಎಂದನು ತಂದೆ.

ಒಲೆಯ ಮುಂದಿನಿಂದ ತಾಯಿ ಹೇಳಿದಳು: 'ರೈತ ಅಂತ ಬರದ್ರ ಹೊಲ ಎಲ್ಲೈತಿ ಅಂತ ಕೇಳ್ತಾರ. ಏನ್ ಹೇಳಬೇಕು ಅಕಿ?'

'ಹಂಗಾದ್ರ ಕೂಲಿ ಅಂತ ಬರೀಲೇನು?' ಎಂದಿತು ಮಗು.

ತಂದೆ ಮಾತನಾಡಲಿಲ್ಲ. ಮಗು ಅರ್ಜಿಯನ್ನು ಮಡಚಿ ಪಾಟಿಚೀಲದಲ್ಲಿಟ್ಟಿತು. ಆ ಸಾಲು ಖಾಲಿಯಾಗಿಯೇ ಉಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಕಡೆಗೆ ತಿರುಗಿ ನಗುತ್ತಲೇ ಹೇಳಿದನು: 'ಸಾಲೀ ಬಿಟ್ರ ಕಲ್ಲ ಹೊರಬೇಕಾಕ್ಕೈತಿ ಅಂತ ನೀವು ಹೇಳತಿದ್ರಿ ಗುರುಗಳ. ನೀವು ಹೇಳಿದಂಗ ಆತ್ರಿ.'

ಅವನ ನಗೆಯಲ್ಲಿ ಕಹಿಯಿರಲಿಲ್ಲ. ಆದರೆ ನನಗೆ ಊಟ ಸೇರಲಿಲ್ಲ. ಆ ಮಾತನ್ನು ನಾನು ಹೇಳಿದ್ದು ನಿಜ. ಅವನೊಬ್ಬನಿಗಲ್ಲ, ಮೂವತ್ತು ವರ್ಷಗಳಿಂದ ನೂರಾರು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಓದಿನಲ್ಲಿ ಆಸಕ್ತಿ ಹುಟ್ಟಿಸಲೆಂದು ಕೂಲಿಯ ಬದುಕನ್ನು ಬೆತ್ತದಂತೆ ಎತ್ತಿ ತೋರಿಸಿದೆ. ಎದುರಿಗೆ ಕುಳಿತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ತಂದೆಯರು ಕಲ್ಲು ಮಣ್ಣು ಹೊರುವವರೇ ಆಗಿದ್ದರೆಂಬುದು ನನಗೆ ಹೊಳೆಯಲೇ ಇಲ್ಲ. ಪಾಠ ಹೇಳುವ ನೆಪದಲ್ಲಿ ಮಗುವಿಗೆ ತನ್ನ ತಂದೆಯ ವಿಷಯದಲ್ಲಿ ನಾಚಿಕೆಯನ್ನು ಕಲಿಸಿದವರಲ್ಲಿ ನಾನೂ ಒಬ್ಬನಲ್ಲವೇ?

ಆ ರಾತ್ರಿ ಆ ತಂದೆಗೂ ಮಗಳಿಗೂ ನಾನೊಬ್ಬ ಕೂಲಿಕಾರನ ಬಾಳಿನ ಕಥೆಯನ್ನು ಹೇಳಿದೆ. ಕಥೆಯೆಂದೆನಾದರೂ ಇದು ಕಟ್ಟುಕಥೆಯಲ್ಲ. ನಮ್ಮದೇ ನಾಡಿನ ಇನ್ನೊಂದು ಗಡಿಯಲ್ಲಿ, ಇದೇ ಕೆಂಪು ಕಲ್ಲಿನ ನೆಲದಲ್ಲಿ, ನಡೆದ ಸಂಗತಿ. ಅದನ್ನೇ ಬಂಧುಗಳ ಮುಂದೆಯೂ ಇಡುತ್ತಿದ್ದೇನೆ.

ಎರಡು ಎಕರೆ ಬೋಳುಗುಡ್ಡ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ, ಕೇರಳದ ಕಾಸರಗೋಡು ಜಿಲ್ಲೆಗೆ ಹೊಂದಿಕೊಂಡಂತೆ, ಅಡ್ಯನಡ್ಕವೆಂಬ ಊರಿದೆ. ಅದರ ಬಳಿಯ ಅಮೈ ಎಂಬಲ್ಲಿಯವರು ಮಹಾಲಿಂಗ ನಾಯ್ಕರು. ಶಾಲೆಯ ಮೆಟ್ಟಿಲನ್ನು ಅವರು ಹತ್ತಲಿಲ್ಲ. ಹತ್ತಿದ್ದು ಅಡಕೆ ಮತ್ತು ತೆಂಗಿನ ಮರಗಳನ್ನು. ಇತರರ ತೋಟಗಳಲ್ಲಿ ಕೂಲಿ ಮಾಡುವುದು, ಮರವೇರಿ ಕೊಯ್ಲು ನಡೆಸುವುದು ಅವರ ಜೀವನೋಪಾಯವಾಗಿತ್ತು. ಅಡಕೆಯ ಮರ ಏರುವುದೆಂದರೆ ಸಾಮಾನ್ಯವಲ್ಲ. ತೋಳಿನ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚಿನ ಆ ಕಾಂಡ ಗಾಳಿಗೆ ತೊನೆಯುವಾಗ ಅದರ ತುದಿಯಲ್ಲಿ ಕೈಬಿಟ್ಟು ಕೆಲಸ ಮಾಡಬೇಕು. ಮಳೆಗಾಲದಲ್ಲಿ ಔಷಧಿ ಸಿಂಪಡಿಸಬೇಕು, ಬೇಸಗೆಯ ಮೊದಲು ಗೊನೆ ಇಳಿಸಬೇಕು. ಕಾಲು ಜಾರಿದರೆ ಸಂಸಾರವೇ ಜಾರಿತು.

ಅವರ ಪ್ರಾಮಾಣಿಕತೆಯನ್ನೂ ದುಡಿಮೆಯನ್ನೂ ಮೆಚ್ಚಿದ ತೋಟದ ಒಡೆಯರು 1978ರಲ್ಲಿ ಅವರಿಗೆ ಎರಡು ಎಕರೆ ಭೂಮಿಯನ್ನು ಕೊಟ್ಟರು. ಭೂಮಿಯೆಂದಾಕ್ಷಣ ನಮ್ಮ ಕಣ್ಣ ಮುಂದೆ ಗದ್ದೆಯೋ ಎರೆಹೊಲವೋ ಬರುತ್ತದೆ. ಅದು ಹಾಗಿರಲಿಲ್ಲ. ಗುಡ್ಡದ ಇಳಿಜಾರಿನ ಬೋಳು ನೆಲವದು. ಹುಲ್ಲು, ಮುಳ್ಳು, ಕೆಂಪು ಕಲ್ಲು. ಕುಡಿಯಲು ಕೂಡ ಅಲ್ಲಿ ನೀರಿರಲಿಲ್ಲ. ಕಾಲಿಗೆ ನೆಲ ಸಿಕ್ಕಿತು, ನೆಲಕ್ಕೆ ನೀರು ಸಿಗಬೇಕಾಗಿತ್ತು.

ಆ ಸೀಮೆಯಲ್ಲಿ ಮಳೆಗೇನೂ ಬರವಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ವಾಳಪೈಯೂ ಹಾಗೆಯೇ, ಗೋವೆಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅದು ಒಂದು. ನಮ್ಮ ವಿಜಾಪುರದ ಕಡೆ ಮೂರು ನಾಲ್ಕು ವರ್ಷ ಕೂಡಿಸಿದರೂ ಅಷ್ಟು ಮಳೆಯಾಗಲಾರದು. ಆದರೆ ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದು; ಜೂನಿನಲ್ಲಿ ಬಂದದ್ದು ಜೂನಿನಲ್ಲಿಯೇ ಹಳ್ಳಕ್ಕೆ, ಹಳ್ಳದಿಂದ ಸಮುದ್ರಕ್ಕೆ. ಫೆಬ್ರುವರಿ, ಮಾರ್ಚ ಹೊತ್ತಿಗೆ ಗುಡ್ಡದ ತಲೆ ಒಣಗುತ್ತದೆ. ಅಡಕೆಯ ಎಳೆಯ ಸಸಿಗೆ ನೀರು ಬೇಕಾಗುವುದು ಸರಿಯಾಗಿ ಅದೇ ಕಾಲದಲ್ಲಿ.

ಬಾವಿ ತೋಡಿಸುವುದಕ್ಕೆ ಆಳುಗಳು ಬೇಕು, ಹಣ ಬೇಕು. ಮೇಲೆತ್ತಲು ಪಂಪು ಬೇಕು, ವಿದ್ಯುತ್ತು ಬೇಕು. ಕೂಲಿಕಾರನ ಕೈಯಲ್ಲಿ ಇವೊಂದೂ ಇರಲಿಲ್ಲ. ಇದ್ದದ್ದು ಎರಡು ತೋಳು, ಒಂದು ಪಿಕಾಸಿ ಮತ್ತು ಹಿರಿಯರಿಂದ ಬಂದ ಒಂದು ತಿಳಿವಳಿಕೆ. ಆ ತಿಳಿವಳಿಕೆಯ ಹೆಸರೇ ಸುರಂಗ.

ಗುಡ್ಡದ ಹೊಟ್ಟೆಯೊಳಗೆ

ಸುರಂಗವೆಂದರೆ ನೆಲಕ್ಕೆ ಕೆಳಮುಖವಾಗಿ ತೋಡದೆ ಗುಡ್ಡದ ಪಕ್ಕೆಯಲ್ಲಿ ಅಡ್ಡಲಾಗಿ ಕೊರೆಯುವ ಬಾವಿ. ಕಾಸರಗೋಡು, ಬಂಟ್ವಾಳ, ಪುತ್ತೂರು ಸೀಮೆಗಳಲ್ಲಿ ಇಂಥ ಸುರಂಗಗಳು ಸಾವಿರಾರು ಇವೆ. ಬಂಟ್ವಾಳ ತಾಲೂಕಿನ ಮಾಣಿಲ ಎಂಬ ಒಂದೇ ಗ್ರಾಮದಲ್ಲಿ ನೂರಾರು ಇವೆ. ಇದರ ಗುಟ್ಟು ಆ ಕೆಂಪು ಕಲ್ಲಿನಲ್ಲಿಯೇ ಇದೆ. ಫ್ರಾನ್ಸಿಸ್ ಬುಕನನ್ ಎಂಬವನು ಮಲಬಾರಿನಲ್ಲಿ ಈ ಕಲ್ಲನ್ನು ಜನರು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಲ್ಯಾಟಿನ್ ಭಾಷೆಯ ಇಟ್ಟಿಗೆಯೆಂಬ ಅರ್ಥದ ಪದದಿಂದ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಈ ಕಲ್ಲು ನೋಡಲು ಗಟ್ಟಿ, ಒಳಗೆ ಜೇನುಗೂಡಿನಂತೆ ರಂಧ್ರಮಯ. ಮಳೆಯ ನೀರು ಇದರ ಮೂಲಕ ನಿಧಾನವಾಗಿ ಇಳಿದು ಕೆಳಗಿನ ಜೇಡಿಯ ಪದರದ ಮೇಲೆ ತಂಗುತ್ತದೆ. ಸರಿಯಾದ ಎತ್ತರದಲ್ಲಿ ಅಡ್ಡಕ್ಕೆ ಕೊರೆದರೆ ಆ ಜಿನುಗು ಕೈಗೆ ಸಿಗುತ್ತದೆ. ಸುರಂಗದ ತಳಕ್ಕೆ ಹೊರಮುಖವಾಗಿ ಸ್ವಲ್ಪ ಇಳಿಜಾರು ಕೊಟ್ಟರೆ ನೀರು ತನ್ನಷ್ಟಕ್ಕೆ ತಾನೇ ಹರಿದು ಬರುತ್ತದೆ. ಹಗ್ಗ ಬೇಡ, ರಾಟೆ ಬೇಡ, ಪಂಪೂ ಬೇಡ.

ಹೇಳಲು ಸುಲಭ, ಕೊರೆಯಲು ಪ್ರಾಣವನ್ನೇ ಪಣಕ್ಕಿಡಬೇಕು. ಅಗಲ ಒಬ್ಬ ಮನುಷ್ಯನ ಹೆಗಲಿಗೆ ತಕ್ಕಷ್ಟು, ಎತ್ತರ ಅವನು ನಿಲ್ಲುವಷ್ಟು. ಒಳಗೆ ಹೋದಂತೆ ಬೆಳಕು ಹಿಂದೆ ಉಳಿಯುತ್ತದೆ, ಗಾಳಿ ತೆಳ್ಳಗಾಗುತ್ತದೆ. ಕೊರೆಯುವವರು ಒಂದು ದೀಪವನ್ನು ಹತ್ತಿರ ಇಟ್ಟುಕೊಳ್ಳುತ್ತಾರೆ. ಅದು ಬೆಳಕಿಗೂ ಹೌದು, ಎಚ್ಚರಿಕೆಗೂ ಹೌದು. ದೀಪ ಮಂಕಾಗಿ ಆರತೊಡಗಿದರೆ ಉಸಿರಾಡುವ ಗಾಳಿ ಮುಗಿಯುತ್ತ ಬಂದಿತೆಂದು ತಿಳಿದು ಹೊರಗೆ ಬರಬೇಕು. ಕಡಿದ ಕಲ್ಲುಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಸಾಗಿಸಬೇಕು. ಸಾಮಾನ್ಯವಾಗಿ ಒಬ್ಬನು ಕಡಿದರೆ ಇನ್ನೊಬ್ಬನು ಸಾಗಿಸುತ್ತಾನೆ. ಮಹಾಲಿಂಗ ನಾಯ್ಕರು ಎರಡನ್ನೂ ಒಬ್ಬರೇ ಮಾಡಿದರು.

ಅದೂ ಯಾವಾಗ? ಹಗಲೆಲ್ಲ ಪರರ ತೋಟದಲ್ಲಿ ಕೂಲಿ. ಹಗಲು ಮಾರಾಟವಾಗಿತ್ತು. ಅದನ್ನು ಮಾರದಿದ್ದರೆ ಮಡದಿ ಮಕ್ಕಳಿಗೆ ಗಂಜಿಯಿಲ್ಲ. ಅವರ ಸ್ವಂತದ್ದೆಂದು ಉಳಿದದ್ದು ಸಂಜೆ. ಕೆಲಸದಿಂದ ಮರಳಿದ ಮೇಲೆ, ದೀಪ ಹಚ್ಚಿಕೊಂಡು, ರಾತ್ರಿಯವರೆಗೆ ಗುಡ್ಡದ ಹೊಟ್ಟೆಯಲ್ಲಿ ಅವರ ಪಿಕಾಸಿ ಸದ್ದು ಮಾಡುತ್ತಿತ್ತು.

ಐದು ಸಲ ನಪಾಸು

ಮೊದಲನೆಯ ಸುರಂಗದಲ್ಲಿ ನೀರು ಸಿಗಲಿಲ್ಲ. ಎರಡನೆಯದರಲ್ಲಿ ಸಿಗಲಿಲ್ಲ. ಮೂರು, ನಾಲ್ಕು, ಐದು, ಯಾವುದರಲ್ಲಿಯೂ ನೀರು ಸಿಗಲಿಲ್ಲ. ವರ್ಷಗಳು ಉರುಳಿದವು. ನೆರೆಹೊರೆಯವರು ನಕ್ಕರು. ಇರುವ ಕೂಲಿಯನ್ನು ಮಾಡಿಕೊಂಡು ಸುಮ್ಮನಿರಬಾರದೇ ಎಂದು ಬುದ್ಧಿ ಹೇಳಿದರು. ಆರನೆಯ ಸುರಂಗದಲ್ಲಿ ನೀರು ಬಂದಿತು.

ನಾವು ಶಿಕ್ಷಕರು ಲೆಕ್ಕದ ಜನ. ಒಂದು ಲೆಕ್ಕವನ್ನು ಇಲ್ಲಿ ಮಾಡಿ ನೋಡೋಣ. ಸಂಜೆಗೆ ಮೂರು ಗಂಟೆಯ ಕೆಲಸವೆಂದು ಹಿಡಿದರೆ ವರ್ಷದ 365 ದಿನಗಳಿಗೆ 1,095 ಗಂಟೆಗಳಾದವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 220 ದಿನ, 1,000 ಗಂಟೆಗಳ ಪಾಠವಾಗಬೇಕೆಂದು ವಿಧಿಸಿದೆ. ಅಂದರೆ ಶಾಲೆಯ ಮುಖ ಕಾಣದ ಈ ಕೂಲಿಕಾರರು ತಮ್ಮ ಸಂಜೆಗಳಲ್ಲಿಯೇ ಪ್ರತಿ ವರ್ಷವೂ ಒಂದು ತರಗತಿಯಷ್ಟು ಪಾಠವನ್ನು ಗುಡ್ಡದೊಳಗೆ ಓದಿದರು! ಗುರು ಗುಡ್ಡವೇ, ಪುಸ್ತಕವೂ ಗುಡ್ಡವೇ. ಎಲ್ಲಿ ಕಲ್ಲು ಮೃದು, ಎಲ್ಲಿ ಮಣ್ಣು ತಂಪು, ಯಾವ ಪದರದ ಮೇಲೆ ತೇವ ನಿಲ್ಲುತ್ತದೆ, ಯಾವ ಮಟ್ಟದಲ್ಲಿ ಕೊರೆದರೆ ವ್ಯರ್ಥ, ಇವೆಲ್ಲವೂ ಆ ಐದು ಸೋಲುಗಳು ಕಲಿಸಿದ ಪಾಠಗಳು. ಐದು ಸುರಂಗಗಳು ನೀರು ಕೊಡಲಿಲ್ಲ, ನಿಜ. ಆದರೆ ಆರನೆಯದನ್ನು ಎಲ್ಲಿ ಕೊರೆಯಬೇಕೆಂಬುದನ್ನು ಕೊಟ್ಟವು.

ನಮ್ಮ ಶಾಲೆಗಳಲ್ಲಿ ಒಂದು ಸಲ ನಪಾಸಾದ ಮಗುವನ್ನು ನಾವು ಹೇಗೆ ಕಾಣುತ್ತೇವೆ? ಐದು ಸಲ ನಪಾಸಾದವನನ್ನು ಯಾವ ಶಾಲೆ ಒಳಗಿಟ್ಟುಕೊಂಡೀತು? ಗುಡ್ಡವು ಈ ವಿಷಯದಲ್ಲಿ ನಮಗಿಂತ ಒಳ್ಳೆಯ ಗುರು.

ಕಲ್ಲಿನ ಮೇಲೆ ಕಲ್ಲು

ನೀರು ಬಂದಿತೆಂದು ತೋಟ ತಾನಾಗಿ ಏಳಲಿಲ್ಲ. ಇಳಿಜಾರಿನಲ್ಲಿ ಮಣ್ಣು ನಿಲ್ಲಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ನೆಲವನ್ನು ಸಮಮಾಡಬೇಕು. ಪ್ರತಿ ಮೆಟ್ಟಿಲಿಗೂ ಕಲ್ಲಿನ ಕಟ್ಟೆ ಬೇಕು. ಗಾಡಿಯಲ್ಲಿ ಕಲ್ಲು ತರಿಸಲು ಹಣವಿರಲಿಲ್ಲ. ಮಹಾಲಿಂಗ ನಾಯ್ಕರು ಕೂಲಿಯಿಂದ ಮರಳುವಾಗ ಮುರಕಲ್ಲುಗಳನ್ನು ಹೊತ್ತು ತಂದರು. ನಿತ್ಯವೂ ತಂದರು. ಹೀಗೆ ಸಾವಿರಾರು ಕಲ್ಲುಗಳು ಕೂಡಿದವು, ಕಟ್ಟೆಗಳು ಎದ್ದವು, ಅವುಗಳ ಹಿಂದೆ ಮಣ್ಣು ತುಂಬಿತು.

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಮಕ್ಕಳಿಂದ ಇಪ್ಪತ್ತು ಸಲ ಬರೆಯಿಸುತ್ತೇವೆ. ಅದರ ಅರ್ಥವನ್ನು ಬಾಳಿ ತೋರಿಸಿದವರು ಇವರು. ಸುರಂಗದ ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ, ಎತ್ತರದಿಂದ ತಗ್ಗಿಗೆ ಹರಿಯುವ ಅದರ ಸಹಜ ಗುಣವನ್ನೇ ಬಳಸಿಕೊಂಡು, ವಿದ್ಯುತ್ತಿನ ಹಂಗಿಲ್ಲದೆ ಗಿಡಗಿಡಕ್ಕೂ ಉಣಿಸಿದರು. ಬೋಳುಗುಡ್ಡದಲ್ಲಿ ಸುಮಾರು ಮುನ್ನೂರು ಅಡಕೆ ಮರಗಳೂ ಎಪ್ಪತ್ತೈದು ತೆಂಗುಗಳೂ ಬಾಳೆ, ಗೇರು, ಕಾಳುಮೆಣಸಿನ ಬಳ್ಳಿಗಳೂ ಎದ್ದು ನಿಂತವು. ಪರರ ತೋಟದ ಮರಗಳನ್ನೇರುತ್ತಿದ್ದವರು ತಾವೇ ನೆಟ್ಟ ಮರಗಳ ನೆರಳಿನಲ್ಲಿ ಕುಳಿತರು.

ಪುತ್ತೂರಿನಿಂದ 1988ರಿಂದ ಹೊರಡುತ್ತ ಬಂದಿರುವ, ಕೃಷಿಕರೇ ಕೃಷಿಕರಿಗಾಗಿ ನಡೆಸುವ 'ಅಡಿಕೆ ಪತ್ರಿಕೆ'ಯ ಸಂಪಾದಕರೂ ಜಲಸಂರಕ್ಷಣೆಯ ಲೇಖಕರೂ ಆದ ಶ್ರೀ ಪಡ್ರೆಯವರು ಈ ಸಾಧನೆಯನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಪ್ರಮುಖರು. ಬಹಳ ವರ್ಷಗಳ ತರುವಾಯ, 2022ರ ಗಣರಾಜ್ಯೋತ್ಸವದ ಮುನ್ನಾದಿನ, ಭಾರತ ಸರಕಾರವು ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀಯನ್ನು ಘೋಷಿಸಿತು. ಅದೇ ವರ್ಷದ ಮಾರ್ಚ ತಿಂಗಳಲ್ಲಿ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಅವರು ಅದನ್ನು ಸ್ವೀಕರಿಸಿದರು.

ಪ್ರಶಸ್ತಿಪತ್ರದಲ್ಲಿ ಒಂದೇ ಹೆಸರಿರುತ್ತದೆ. ಆದರೆ ಗಂಡನು ಕತ್ತಲಲ್ಲಿ ಗುಡ್ಡದೊಳಗೆ ಇರುವಾಗ ಹೊರಗೆ ಒಲೆಯನ್ನೂ ಮಕ್ಕಳನ್ನೂ ನೋಡಿಕೊಂಡು, ಊರವರ ನಗೆಯನ್ನು ಕೇಳಿಯೂ ಕೇಳದಂತಿದ್ದು, ಅವನು ಹೊರಬರುವ ತನಕ ಜೀವ ಕೈಯಲ್ಲಿ ಹಿಡಿದಿರುವ ಗೃಹಿಣಿಯ ಪಾಲು ಸಣ್ಣದೇನು? ದುಡಿಯುವ ಗೃಹಸ್ಥನ ಪ್ರತಿಯೊಂದು ಕಥೆಯಲ್ಲಿಯೂ ಬರೆಯದೆ ಉಳಿದ ಅರ್ಧ ಪುಟ ಅದು.

ಶಿಷ್ಯನ ಪ್ರಶ್ನೆ

ಇಷ್ಟನ್ನು ನಾನು ವಾಳಪೈಯ ಆ ಕೋಣೆಯಲ್ಲಿ ಹೇಳಿ ಮುಗಿಸಿದಾಗ ಮಗು ಕಣ್ಣರಳಿಸಿ ಕುಳಿತಿತ್ತು. ತಂದೆ ಮಾತ್ರ ತಲೆ ತಗ್ಗಿಸಿಯೇ ಇದ್ದನು. ಕಡೆಗೆ ಹೇಳಿದನು:

'ಅವರಿಗೆ ಎರಡ ಎಕರೆ ಕೊಟ್ರಿ. ನಮಗ ಯಾರ ಕೊಡತಾರ ಗುರುಗಳ?'

ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಇದೆಯೆಂದು ನಟಿಸುವುದೂ ಸರಿಯಲ್ಲ. ಉದ್ಯೋಗಶೀಲನಿಗೆ ಎಲ್ಲವೂ ಸಾಧ್ಯವೆಂದು ಭಾಷಣ ಮಾಡುವುದು ಸುಲಭ. ಆದರೆ ದುಡಿಮೆ ಬೇರೂರುವುದಕ್ಕೂ ಒಂದಂಗುಲ ನೆಲ ಬೇಕು. 1974ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಗೇಣಿಯ ಹಕ್ಕೂ ಇಲ್ಲದೆ ಬರಿಯ ಕೂಲಿಗೆ ದುಡಿಯುತ್ತಿದ್ದವರಲ್ಲಿ ಬಹುಮಂದಿಗೆ ಅದರಿಂದ ಹೊಲ ಬರಲಿಲ್ಲ. ಮಹಾಲಿಂಗ ನಾಯ್ಕರಿಗೆ ಸಿಕ್ಕದ್ದು ಒಬ್ಬ ಒಡೆಯರ ಸೌಜನ್ಯದಿಂದ. ಎಲ್ಲ ದುಡಿಯುವವರಿಗೂ ಅಂಥ ಒಡೆಯರು ಸಿಗಲಾರರು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಅದು ಇಲ್ಲದವರನ್ನು ಸೋಮಾರಿಗಳೆಂದು ನಿಂದಿಸಿದಂತಾಗುತ್ತದೆ.

ಅವನ ಮಾತಿನ ಹಿಂದೆ ಇನ್ನೊಂದು ನೋವಿತ್ತು. ಊರಿನಲ್ಲಿ ಅಣ್ಣತಮ್ಮಂದಿರ ಪಾಲಿನ ಮೂರೆಕರೆ ಬೆದ್ದಲು ಇದೆ. ಸಾಲ ತಂದು ಎರಡು ಬೋರು ಕೊರೆಯಿಸಿದರು. ಎರಡೂ ಒಣಗಿದವು. ಆ ಸಾಲವನ್ನು ತೀರಿಸಲೆಂದೇ ಅವನು ಘಾಟವನ್ನಿಳಿದದ್ದು. ಈಗ ಮೂರನೆಯ ಬೋರಿಗೆ ಮತ್ತೆ ಸಾಲ ಮಾಡುವ ವಿಚಾರ ನಡೆದಿತ್ತು. 'ಅವರು ಐದ ಸಲ ಸೋತ್ರೂ ಬಿಡಲಿಲ್ಲ ಅಂತೀರಿ. ನಾವು ಎರಡಕ್ಕ ಬಿಟ್ರ ಹೆಂಗ?' ಎಂದನು.

ಇಲ್ಲಿ ನಾನು ಮಾಸ್ತರನಾಗಿ ಅವನನ್ನು ತಡೆಯಲೇಬೇಕಾಯಿತು. ಮಹಾಲಿಂಗ ನಾಯ್ಕರು ತಮ್ಮ ಸೋಲುಗಳ ಬೆಲೆಯನ್ನು ಬೆವರಿನಲ್ಲಿ ತೆತ್ತರು. ಸಂಜೆಯ ಬೆವರಿಗೆ ಬಡ್ಡಿ ಬೆಳೆಯುವುದಿಲ್ಲ. ಸುರಂಗವು ಒಣಗಿದ್ದರೆ ಮರುದಿನ ಬೆಳಗ್ಗೆ ಅವರ ಕೂಲಿಯೂ ಗಂಜಿಯೂ ಹಾಗೆಯೇ ಇದ್ದವು. ಬೋರು ಒಣಗಿದರೆ ಉಳಿಯುವುದು ಸಾಲ. ಅದು ನಾವು ಮಲಗಿದಾಗಲೂ ಬೆಳೆಯುತ್ತದೆ. ಪ್ರತಿಯೊಂದು ಸೋಲಿನಿಂದ ಅವರು ಗುಡ್ಡದ ವಿಷಯವಾಗಿ ಏನನ್ನೋ ಕಲಿತರು. ಯಂತ್ರದಿಂದ ಕೊರೆಯಿಸಿದ ತೂತು ನಮಗೆ ಏನನ್ನು ಕಲಿಸಿತು? ಛಲವು ಒಂದು, ಜೂಜು ಇನ್ನೊಂದು. ಎರಡಕ್ಕೂ ಮುಖಚರ್ಯೆ ಒಂದೇ ಆದ್ದರಿಂದ ಮೋಸಹೋಗುತ್ತೇವೆ. ಸೋತರೂ ಸಂಸಾರ ನಿಲ್ಲುವಂತಿದ್ದರೆ ಅದು ಛಲ. ಸೋತರೆ ಸಂಸಾರವೇ ಕುಸಿಯುವಂತಿದ್ದರೆ ಅದು ಜೂಜು.

ಸುರಂಗವನ್ನು ಕಂಡಕಂಡಲ್ಲಿ ಕೊರೆಯುವಂತೆಯೂ ಇಲ್ಲ. ಅದು ಮಳೆ ಹೆಚ್ಚಿರುವ, ಕೆಂಪು ಕಲ್ಲಿನ ಇಳಿಜಾರಿಗೆ ಹೊಂದುವ ವಿದ್ಯೆ. ಈ ಗೋವೆಯಲ್ಲಿಯೇ ಫೋಂಡಾ ತಾಲೂಕಿನ ಸಾವೊಯ್ ವೆರೆಂ ಊರಿನ ಕೃಷಿಕರಾದ ಸಂಜಯ ಅನಂತ ಪಾಟೀಲರು ಹತ್ತು ಎಕರೆ ಬರಡು ನೆಲವನ್ನು, ಸುರಂಗ ಕೊರೆದು ನೀರು ತಂದು, ಸಹಜ ಕೃಷಿಯ ಕುಳಾಗರವನ್ನಾಗಿ ಮಾಡಿದ್ದಾರೆ. ಗೋವೆಯವರು ಕುಳಾಗರವೆನ್ನುವುದು ಅಡಕೆ, ತೆಂಗು, ಬಾಳೆ, ಮೆಣಸುಗಳು ಕೂಡಿ ಬೆಳೆಯುವ ತೋಟಕ್ಕೆ. ಅವರಿಗೂ 2024ರಲ್ಲಿ ಪದ್ಮಶ್ರೀ ಬಂದಿತು. ಎರೆಮಣ್ಣಿನ ಸೀಮೆಯಲ್ಲಿ ಹೀಗೆ ಗುಡ್ಡ ಕೊರೆಯುವುದು ಆಗದ ಮಾತು. ಆದರೆ ಅಲ್ಲಿಯ ಹಿರಿಯರೂ ಕೈಕಟ್ಟಿ ಕುಳಿತಿರಲಿಲ್ಲ. ಪರ್ಶಿಯಾ ದೇಶದಲ್ಲಿ ಕನಾತ ಎನ್ನುವ ನೆಲದಡಿಯ ಕಾಲುವೆಯನ್ನು ಬಹಮನಿ ಅರಸರ ಕಾಲದಲ್ಲಿ ಬೀದರಿನ ನೌಬಾದಿನಲ್ಲಿಯೂ, ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯಿಂದ ವಿಜಾಪುರ ಪಟ್ಟಣಕ್ಕೂ ನಿರ್ಮಿಸಿದ್ದರು. ಕರೇಜ ಎಂದು ಅವಕ್ಕೆ ಹೆಸರು. ಅರಸರು ಕಟ್ಟಿಸಿದ ಕರೇಜವನ್ನು ಒಬ್ಬ ರೈತ ಕಟ್ಟಲಾರ. ಅವನ ಕೈಗೆಟುಕುವುದು ಬದು, ಒಡ್ಡು ಮತ್ತು ಕೃಷಿಹೊಂಡ. 2014ರಲ್ಲಿ ಆರಂಭವಾದ ಕರ್ನಾಟಕದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಹಾಯಧನ ಕೊಡುವ ಏರ್ಪಾಡು ಆಯಿತು. ಸಾಲದ ಕಾಗದಕ್ಕೆ ರುಜು ಹಾಕುವ ಮೊದಲು ಊರಿಗೆ ಹೋಗಿ ರೈತ ಸಂಪರ್ಕ ಕೇಂದ್ರದಲ್ಲಿ ಈಗ ಯಾವ ನೆರವು ದೊರೆ೯ಯುತ್ತದೆಂದು ವಿಚಾರಿಸಿ, ಅಣ್ಣನೊಡನೆ ಕುಳಿತು ಲೆಕ್ಕ ಹಾಕೆಂದು ಹೇಳಿದೆ. ಅವನು ಒಪ್ಪಿದನೆಂದು ಹೇಳಲಾರೆ. ಆದರೆ ವಿಚಾರ ಮಾಡುತ್ತೇನೆ ಎಂದನು.

ಸಂಜೆಯ ಮೂರು ಗಂಟೆ

ಹಾಗಾದರೆ ನೆಲವಿಲ್ಲದವರಿಗೆ, ನೆಲವನ್ನು ಬಿಟ್ಟು ಪರನಾಡಿಗೆ ಬಂದವರಿಗೆ, ಈ ಬಾಳಿನಿಂದ ಸಿಗುವುದೇನು? ನನಗೆ ತೋಚಿದ್ದು ಎರಡು ಮಾತು.

ಒಂದು, ಹಗಲನ್ನು ಮಾರಿಕೊಂಡವನಿಗೂ ಸಂಜೆಯೊಂದು ಉಳಿದಿರುತ್ತದೆ. ನಾಯ್ಕರು ಅದನ್ನು ಗುಡ್ಡಕ್ಕೆ ಕೊಟ್ಟರು. ಕಲ್ಲುಕೆಲಸ ಮುಗಿಸಿ ಬರುವ ನಮ್ಮ ಅಣ್ಣತಮ್ಮಂದಿರ ಸಂಜೆಯನ್ನು ಕಾದು ಕುಳಿತ ಅಂಗಡಿಗಳು ಗೋವೆಯ ದಾರಿಯ ಎರಡೂ ಬದಿಗೆ ಇವೆ, ಹೆಚ್ಚು ಹೇಳಬೇಕಾಗಿಲ್ಲ. ಆ ಸಂಜೆಯಿಂದ ಅರ್ಧ ಗಂಟೆಯನ್ನು ಮಗುವಿನ ಪಕ್ಕದಲ್ಲಿ ಕಳೆದರೆ ಸಾಕು. ತನಗೆ ಮರಾಠಿ ಅಕ್ಷರ ಬಾರದೆಂದು ತಂದೆ ಹಿಂಜರಿಯಬೇಕಾಗಿಲ್ಲ. ಗೋಡೆಯ ಉದ್ದ, ಎತ್ತರ, ದಪ್ಪಗಳನ್ನು ಹೇಳಿದರೆ ಎಷ್ಟು ಕಲ್ಲು ಬೇಕೆಂದು ಬೆರಳೆಣಿಕೆಯಲ್ಲಿ ಹೇಳುವ ಗವಂಡಿಗೆ ಬರುವ ಲೆಕ್ಕ ಏಳನೆಯ ತರಗತಿಯ ಎಷ್ಟೋ ಮಕ್ಕಳಿಗೆ ಬಾರದು. ನಾನು ಆ ರಾತ್ರಿ ಅವನ ಬಾಯಿಂದಲೇ ಮಗಳಿಗೆ ಅದನ್ನು ಹೇಳಿಸಿದೆ. ತೂಗುಗುಂಡಿನಿಂದ ಗೋಡೆಯ ನೇರವನ್ನು ನೋಡುವುದು ಹೇಗೆ, ಮೂಲೆಯನ್ನು ಕೂಡಿಸಲು ಮೂರು, ನಾಲ್ಕು, ಐದು ಅಡಿಗಳ ದಾರ ಹಿಡಿಯುವುದೇಕೆ ಎಂದು ಅವನು ವಿವರಿಸಿದನು. ನಾನು ಕರಿಹಲಗೆಯ ಮೇಲೆ ಪೈಥಾಗೊರಸನ ಹೆಸರು ಹೇಳಿ ಕಲಿಸಲು ಹೆಣಗುವ ಪ್ರಮೇಯವನ್ನು ನನ್ನ ಶಿಷ್ಯನು ದಿನವೂ ದಾರದಿಂದ ಕಟ್ಟುತ್ತಿದ್ದನು!

ಇನ್ನೊಂದು, ಮಕ್ಕಳು ಓದಲೇಬೇಕು. ಮೇಲೆ ಹೇಳಿದ್ದೆಲ್ಲವನ್ನೂ ಓದಿನ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು. ಆದರೆ ತಂದೆಯ ಬದುಕಿನಿಂದ ಓಡಿಹೋಗುವುದಕ್ಕಾಗಿ ಓದುವ ಮಗುವಿಗೂ, ತಂದೆ ಹೊತ್ತ ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಇಡಲು ಓದುವ ಮಗುವಿಗೂ ಬಹಳ ಅಂತರವಿದೆ. ಮೊದಲನೆಯ ಮಗುವಿಗೆ ನಾವು ಶಿಕ್ಷಕರು ಭಯವನ್ನು ಕೊಟ್ಟಿದ್ದೇವೆ. ಎರಡನೆಯ ಮಗುವಿಗೆ ಬೇಕಾದ ಅಭಿಮಾನವನ್ನು ಮನೆಯೂ ಶಾಲೆಯೂ ಕೂಡಿ ಕೊಡಬೇಕು. ನನ್ನ ಮಟ್ಟಿಗೆ, ಆ ಹಳೆಯ ಬೆದರಿಕೆಯ ಮಾತನ್ನು ನನ್ನ ಶಾಲೆಯಲ್ಲಿ ಇನ್ನು ಆಡುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಉಳಿದ ಕೆಲವು ವರ್ಷಗಳ ಸೇವೆಯಲ್ಲಿ ಅಷ್ಟನ್ನಾದರೂ ನಡೆಸಿದರೆ ವಾಳಪೈಯಲ್ಲಿ ಉಂಡ ಜೋಳದ ರೊಟ್ಟಿಯ ಋಣ ಸ್ವಲ್ಪ ತೀರೀತು.

ಮರುದಿನ ಬೆಳಗ್ಗೆ ನಾನು ಚೀಲ ಹಿಡಿದು ಹೊರಟಾಗ ಮಗು ಅರ್ಜಿಯನ್ನು ತಂದು ತಂದೆಯ ಮುಂದೆ ಹಿಡಿಯಿತು. ಅವನು ನನ್ನ ಕಡೆಗೆ ನೋಡಲಿಲ್ಲ. ಮಡದಿಯ ಕಡೆಗೂ ನೋಡಲಿಲ್ಲ.

'ಗವಂಡಿ ಅಂತ ಬರಿ' ಎಂದನು.

ಮಗು ಬರೆಯತೊಡಗಿ ಒಂದು ಕ್ಷಣ ನಿಂತಿತು. 'ಮರಾಠ್ಯಾಗ ಗವಂಡಿಗೆ ಏನಂತಾರಪ್ಪಾ?' ಎಂದು ಕೇಳಿತು.

'ಮರಾಠ್ಯಾಗೂ ಗವಂಡೀನ ಅಂತಾರವ್ವಾ' ಎಂದನು ತಂದೆ.